ಮೆಲುದನಿಯ ವಾದ್ಯ, ಐವರು ಜೊತೆಗಾರರು

ಹೊರನಾಡಿನ ಬದುಕಿನ ಬಗ್ಗೆ ಬರೆಯಿರಿ ಅಂದರೆ ನಾವು ಸಾಮಾನ್ಯವಾಗಿ ಮೂರು ಸಂಗತಿ ಬರೆಯುತ್ತೇವೆ. ಮಕ್ಕಳು ಕನ್ನಡ ಮರೆತದ್ದು, ಬಿಸಿ ಜೋಳದ ರೊಟ್ಟಿಗೆ ಬಾಯಿ ಬಿಟ್ಟದ್ದು, ಊರಿಗೆ ಹೋದಾಗ ಊರೇ ಗುರುತು ಸಿಗದಂತೆ ಆಗಿದ್ದದ್ದು. ಮೂರೂ ನಿಜವೇ. ಆದರೆ ಮೂರನ್ನೂ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ಹಾಗಾಗಿ ನಾನು ಒಂದು ವಾದ್ಯದ ಕಡೆಯಿಂದ ಈ ವಿಷಯಕ್ಕೆ ಬರುತ್ತೇನೆ. ಮುಂಬಯಿಯಲ್ಲಿದ್ದು ಪಾಶ್ಚಾತ್ಯ ಸಂಗೀತದ ರುಚಿ ಹತ್ತಿಸಿಕೊಂಡವನು ನಾನು. ಧಾರವಾಡದ ಕಡೆಯವನಿಗೆ ಇದೆಂಥ ಹುಚ್ಚು ಅಂತ ಊರಿನವರು ಕೇಳುವುದುಂಟು. ಕೇಳಲಿ ಬಿಡಿ.

ಆ ವಾದ್ಯದ ಹೆಸರು ಹಾರ್ಪ್ಸಿಕಾರ್ಡ್. ಹದಿನಾರನೇ ಶತಮಾನದಿಂದ ಹದಿನೆಂಟನೆಯದರವರೆಗೆ ಯುರೋಪಿನ ಅರಮನೆಗಳಲ್ಲಿ, ನಾಟಕಶಾಲೆಗಳಲ್ಲಿ, ಉಳ್ಳವರ ಮನೆಗಳಲ್ಲಿ ಅದು ಇದ್ದೇ ಇತ್ತು. ಆಮೇಲೆ ಪಿಯಾನೋ ಬಂದು ಅದನ್ನು ಮೂಲೆಗೆ ತಳ್ಳಿತು. ಇಪ್ಪತ್ತನೇ ಶತಮಾನದಲ್ಲಿ ಅದು ಮತ್ತೆ ಕಾಣಿಸಿಕೊಂಡಾಗ ಅದರ ಊರೇ ಉಳಿದಿರಲಿಲ್ಲ. ಹಳೆಯ ಸಣ್ಣ ಕೋಣೆಗಳ ಜಾಗದಲ್ಲಿ ಸಾವಿರಾರು ಕುರ್ಚಿಗಳ ಸಭಾಂಗಣಗಳಿದ್ದವು. ಹಳೆಯ ಒಡನಾಡಿಗಳಾದ ಕೊಳಲು, ಪಿಟೀಲು, ಓಬೋ ಎಲ್ಲವೂ ಅಷ್ಟರಲ್ಲಿ ದೊಡ್ಡ ದನಿ ಬೆಳೆಸಿಕೊಂಡಿದ್ದವು. ಇಂಥ ಪರಸ್ಥಳಕ್ಕೆ ಬಂದು ಬಿದ್ದ ಮೆಲುದನಿಯ ವಾದ್ಯಕ್ಕೆ ಹೊಸ ಸಂಗೀತ ಬರೆಯುವುದು ಹೇಗೆ? ಬೇರೆ ಬೇರೆ ಜಾತಿಯ ವಾದ್ಯಗಳ ನಡುವೆ ಅದನ್ನು ಕೂರಿಸಿ, ಅದರ ಮಾತೂ ಕೇಳುವಂತೆ ಮಾಡುವುದು ಹೇಗೆ? ಕಳೆದ ನೂರು ವರ್ಷಗಳಲ್ಲಿ ಹಲವು ಸಂಗೀತ ರಚನಕಾರರು ಈ ಲೆಕ್ಕ ಬಿಡಿಸಲು ನೋಡಿದ್ದಾರೆ. ಅವರಲ್ಲಿ ಮೂವರ ಉತ್ತರಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ದೊಡ್ಡ ನಗರದಲ್ಲಿ ಸಣ್ಣ ದನಿಯ ಭಾಷೆ ಇಟ್ಟುಕೊಂಡು ಬಾಳುವವನಿಗೆ ಇದು ಬರೀ ಸಂಗೀತದ ಲೆಕ್ಕವಾಗಿ ಕಾಣುವುದಿಲ್ಲ.

*

ಮೊದಲು ವಾದ್ಯವನ್ನು ನೋಡೋಣ. ಹೊರಗಿನಿಂದ ನೋಡಿದರೆ ತೆಳ್ಳಗಿನ ಪಿಯಾನೋದ ಹಾಗಿರುತ್ತದೆ, ಮುಂದೆ ಮನೆಗಳ ಸಾಲು, ಹಿಂದೆ ಉದ್ದಕ್ಕೆ ತಂತಿಗಳು. ಒಳಗಿನ ಕೆಲಸ ಮಾತ್ರ ಬೇರೆ. ಪಿಯಾನೋದಲ್ಲಿ ಬೆರಳು ಒತ್ತಿದರೆ ಸಣ್ಣ ಸುತ್ತಿಗೆ ಹೋಗಿ ತಂತಿಯನ್ನು ಹೊಡೆಯುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ಬೆರಳು ಒತ್ತಿದರೆ ಒಂದು ತೆಳು ಮರದ ಪಟ್ಟಿ ಮೇಲೇಳುತ್ತದೆ, ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ತುಂಡು ತಂತಿಯನ್ನು ಮೀಟುತ್ತದೆ. ಈಗಿನ ವಾದ್ಯಗಳಲ್ಲಿ ಗರಿಯ ಬದಲು ಹೆಚ್ಚಾಗಿ ಪ್ಲಾಸ್ಟಿಕ್ ಇರುತ್ತದೆ. ಅಂದರೆ ನೋಡಲು ಪಿಯಾನೋದ ನೆಂಟ, ನುಡಿಯುವ ಬಗೆಯಲ್ಲಿ ನಮ್ಮ ವೀಣೆ ಸಿತಾರುಗಳ ಹತ್ತಿರದವನು.

ಮೀಟುವ ಕೆಲಸ ಗರಿಗೆ ಬಿಟ್ಟದ್ದರಿಂದ ಎರಡು ಕಷ್ಟಗಳು ಬರುತ್ತವೆ. ಬೆರಳನ್ನು ಮೆತ್ತಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಮೀಟಿದ ಸ್ವರ ಹುಟ್ಟುವಾಗ ಚುರುಕಾಗಿರುತ್ತದೆ, ಮರುಕ್ಷಣದಿಂದಲೇ ಸೊರಗತೊಡಗುತ್ತದೆ. ನಮ್ಮ ಪೇಟಿಯನ್ನು ನೆನಪಿಸಿಕೊಳ್ಳಿ. ತಿದಿ ಒತ್ತುತ್ತಾ ಹೋದರೆ ಪೇಟಿಯ ಸ್ವರ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಗಾಯಕ ತಾನ್ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಆ ಸ್ವರವೇ ಕೆಳಗೆ ಹಾಸಿಕೊಂಡಿರುತ್ತದೆ. ಹಾರ್ಪ್ಸಿಕಾರ್ಡಿಗೆ ಈ ಭಾಗ್ಯವಿಲ್ಲ. ಸ್ವರ ಉಳಿಯಬೇಕಾದರೆ ಮತ್ತೆ ಮೀಟಬೇಕು, ಇಲ್ಲವೇ ಸುತ್ತ ಗಮಕದಂಥ ಅಲಂಕಾರ ಕಟ್ಟಬೇಕು. ಹಳೆಯ ಹಾರ್ಪ್ಸಿಕಾರ್ಡ್ ಸಂಗೀತದಲ್ಲಿ ಅಷ್ಟೊಂದು ನಡುಕ ತಿರುವುಗಳಿರುವುದಕ್ಕೆ ಇದೂ ಒಂದು ಕಾರಣ. ಇಟಲಿಯ ಕ್ರಿಸ್ತೋಫೊರಿ 1700ರ ಸುಮಾರಿಗೆ ಸುತ್ತಿಗೆಯ ವಾದ್ಯ ಮಾಡಿದಾಗ ಅದರ ವಿಶೇಷವೆಂದರೆ ಮೆಲ್ಲಗೂ ಜೋರಾಗಿಯೂ ನುಡಿಸಬಹುದು ಅನ್ನುವುದೇ. ಪಿಯಾನೋ ಎಂಬ ಹೆಸರೂ ಅಲ್ಲಿಂದಲೇ ಬಂತು. ಹದಿನೆಂಟನೇ ಶತಮಾನ ಮುಗಿಯುವ ಹೊತ್ತಿಗೆ ಹಾರ್ಪ್ಸಿಕಾರ್ಡಿನ ಕಾಲ ಮುಗಿದಿತ್ತು.

ಮುಗಿಯುವ ಮುಂಚೆ ಅದು ನಮ್ಮ ದೇಶಕ್ಕೂ ಬಂದು ಹೋಯಿತು. ಕಂಪನಿಯ ಕಾಲದಲ್ಲಿ ಇಂಗ್ಲಿಷರು ಹಡಗಿನಲ್ಲಿ ಹಾರ್ಪ್ಸಿಕಾರ್ಡುಗಳನ್ನು ತಂದರು. ಇಲ್ಲಿನ ಸೆಕೆ ಮತ್ತು ಮಳೆಗಾಲದ ತೇವಕ್ಕೆ ಮರ ಉಬ್ಬಿ ಶ್ರುತಿ ತಪ್ಪುವ ವಾದ್ಯ ಅದು, ಆದರೂ ತಂದರು. ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಎಂಬಾತ 1789ರಲ್ಲಿ ಕಲಕತ್ತೆಯಲ್ಲಿ 'ದಿ ಓರಿಯೆಂಟಲ್ ಮಿಸೆಲನಿ' ಎಂಬ ಪುಸ್ತಕ ಅಚ್ಚು ಹಾಕಿಸಿದ. ಹಿಂದೂಸ್ತಾನಿ ಹಾಡುಗಳನ್ನು ಹಾರ್ಪ್ಸಿಕಾರ್ಡಿಗೆ ಹೊಂದಿಸಿದ ಸಂಗ್ರಹ ಅದು. ಕೊನೆಯಲ್ಲಿ ಕೊಳಲಿಗೂ ಹಾರ್ಪ್ಸಿಕಾರ್ಡಿಗೂ ಬರೆದ ಒಂದು ಸೊನಾಟಾ ಸಹ ಇದೆ. ಜೇನ್ ಚಾಪ್ಮನ್ ಎಂಬ ಇಂಗ್ಲಿಷ್ ವಾದಕಿ 2015ರಲ್ಲಿ ಇವನ್ನು ಧ್ವನಿಮುದ್ರಿಕೆಯಾಗಿ ಹೊರತಂದಳು. ಕೇಳಿದರೆ ಕುತೂಹಲವೂ ಆಗುತ್ತದೆ, ಒಂದು ಬಗೆಯ ಇರುಸುಮುರುಸೂ ಆಗುತ್ತದೆ. ಮೀಂಡ್ ಇಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಿಲ್ಲ. ಹಾಡು ವಾದ್ಯದ ಮನೆಗಳಿಗೆ ತಕ್ಕಂತೆ ಮೈ ಕುಗ್ಗಿಸಿಕೊಂಡು ಕೂತಿದೆ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮೆಲುದನಿ ಅಂದರೆ ಯಾವಾಗಲೂ ಬಡವನ ದನಿ ಅಂತ ನಾವು ತಿಳಿಯಬಾರದು. ಅದೇ ವಾದ್ಯ ಕಲಕತ್ತೆಯಲ್ಲಿ ಆಳುವವರ ಮನೆಯ ವಾದ್ಯವಾಗಿತ್ತು. ಯಾರ ಮನೆಯಲ್ಲಿ ಯಾರು ಯಾರಿಗೆ ಹೊಂದಿಕೊಳ್ಳಬೇಕು ಅನ್ನುವುದು ದನಿಯ ಗಾತ್ರದಿಂದ ಮಾತ್ರ ತೀರ್ಮಾನವಾಗುವುದಿಲ್ಲ.

*

ಈ ವಾದ್ಯವನ್ನು ಇಪ್ಪತ್ತನೇ ಶತಮಾನದ ವೇದಿಕೆಗೆ ಎಳೆದು ತಂದವರಲ್ಲಿ ದೊಡ್ಡ ಹೆಸರು ವಾಂಡಾ ಲಾಂಡೋವ್‌ಸ್ಕಾಳದು. 1879ರಲ್ಲಿ ವಾರ್ಸಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದವಳು. ದೊಡ್ಡ ಸಭಾಂಗಣದಲ್ಲಿ ಕೇಳಬೇಕೆಂದು ಪ್ಲೆಯೆಲ್ ಎಂಬ ಪಿಯಾನೋ ಕಂಪನಿಯಿಂದ ಹೊಸ ಬಗೆಯ ಹಾರ್ಪ್ಸಿಕಾರ್ಡ್ ಮಾಡಿಸಿದಳು. ಅದು 1912ರಲ್ಲಿ ಹೊರಬಂತು. ಒಳಗೆ ಪಿಯಾನೋದಂತೆ ಕಬ್ಬಿಣದ ಚೌಕಟ್ಟು, ಕೆಳಗಿನ ಸಪ್ತಕಕ್ಕೆ ಹೆಚ್ಚಿನ ತಂತಿಗಳ ಸಾಲು, ದನಿಯ ಬಣ್ಣ ಬದಲಿಸಲು ಕಾಲಿನ ಪೆಡಲುಗಳು. ಹಳೆಯ ಹಾರ್ಪ್ಸಿಕಾರ್ಡ್ ಮಾಡುವವರು ನೋಡಿದ್ದರೆ ಇದು ನಮ್ಮ ಕುಲದ್ದಲ್ಲ ಅಂತ ಹೇಳುತ್ತಿದ್ದರೋ ಏನೋ. ಆದರೆ ಹೊಸ ಸಂಗೀತ ಹುಟ್ಟಿದ್ದು ಈ ಬೆರಕೆ ವಾದ್ಯದ ಸುತ್ತಲೇ.

ಸ್ಪೇನಿನ ರಚನಕಾರ ಮಾನ್ಯುವೆಲ್ ದೆ ಫಾಯಾ ಡಾನ್ ಕ್ವಿಕ್ಸೋಟನ ಕತೆಯ ಒಂದು ತುಣುಕನ್ನು ಗೊಂಬೆಯಾಟದ ಸಂಗೀತ ನಾಟಕ ಮಾಡಿದ. 1923ರ ಜೂನಿನಲ್ಲಿ ಪ್ಯಾರಿಸ್ಸಿನ ಪೊಲಿಞ್ಯಾಕ್ ರಾಜಕುಮಾರಿಯ ಮನೆಯಲ್ಲಿ ಅದು ರಂಗಕ್ಕೆ ಬಂತು. ಕೃತಿ ಬರೆಯಿಸಿದವಳೂ ಅವಳೇ. ನಮ್ಮ ಅಜ್ಜಿಯರ ಮನೆಯಲ್ಲಿದ್ದ ಸಿಂಗರ್ ಹೊಲಿಗೆ ಯಂತ್ರ ಗೊತ್ತಲ್ಲ, ಆ ಸಿಂಗರ್ ಮನೆತನದ ಮಗಳು ಈಕೆ. ಹೊಲಿಗೆ ಯಂತ್ರದ ದುಡ್ಡು ಪ್ಯಾರಿಸ್ಸಿನ ಹೊಸ ಸಂಗೀತಕ್ಕೆ ಸಂದಾಯವಾಗುತ್ತಿತ್ತು. ಆ ನಾಟಕದ ವಾದ್ಯವೃಂದದಲ್ಲಿ ಹಾರ್ಪ್ಸಿಕಾರ್ಡಿಗೆ ಜಾಗವಿತ್ತು, ನುಡಿಸಿದವಳು ಲಾಂಡೋವ್‌ಸ್ಕಾ. ಅಲ್ಲಿಂದ ಮುಂದೆ ಫಾಯಾ ಅವಳಿಗಾಗಿಯೇ ಒಂದು ಕಾನ್ಸರ್ಟೋ ಬರೆಯಲು ಕೂತ. ಹದಿನಾಲ್ಕು ಹದಿನೈದು ನಿಮಿಷದ ಕೃತಿ, ಅದಕ್ಕೆ ಮೂರು ವರ್ಷ ಹಿಡಿಯಿತು. 1926ರ ನವೆಂಬರ್ 5ರಂದು ಬಾರ್ಸಿಲೋನಾದಲ್ಲಿ ಲಾಂಡೋವ್‌ಸ್ಕಾ ಅದನ್ನು ಮೊದಲ ಬಾರಿ ನುಡಿಸಿದಳು.

ಕಾನ್ಸರ್ಟೋ ಅಂದರೆ ಒಬ್ಬ ಮುಖ್ಯ ವಾದಕ, ಅವನ ಹಿಂದೆ ಅರವತ್ತು ಎಪ್ಪತ್ತು ಜನರ ಮೇಳ ಅನ್ನುವುದು ಆಗಿನ ರೂಢಿ. ಫಾಯಾ ಮೇಳವನ್ನೇ ತೆಗೆದುಹಾಕಿದ. ಉಳಿಸಿಕೊಂಡದ್ದು ಐವರನ್ನು: ಕೊಳಲು, ಓಬೋ, ಕ್ಲಾರಿನೆಟ್, ಪಿಟೀಲು, ಚೆಲ್ಲೋ. ಒಂದೊಂದರಲ್ಲಿ ಒಬ್ಬೊಬ್ಬರೇ. ಆರೂ ಜನರೂ ಇಲ್ಲಿ ಮುಖ್ಯ ವಾದಕರು, ತಂತಿವಾದ್ಯಗಳ ಸಂಖ್ಯೆ ಹೆಚ್ಚಿಸಕೂಡದು ಅಂತ ಅವನ ಕಟ್ಟಪ್ಪಣೆ. ಅಂದರೆ ಹೆಸರಿಗೆ ಕಾನ್ಸರ್ಟೋ, ನಿಜದಲ್ಲಿ ಕೋಣೆಯ ಸಂಗೀತ. ಚೇಂಬರ್ ಸಂಗೀತ ಅನ್ನುವ ಮಾತಿಗೆ ಅರ್ಥವೇ ಅದು. ನಮ್ಮ ಕಡೆ ಬೈಠಕ್ ಅನ್ನುತ್ತೇವೆ. ಮುಂಬಯಿ ಕನ್ನಡದಲ್ಲಿ ಹೇಳಬೇಕಾದರೆ ಖೋಲಿ ಸಂಗೀತ ಅನ್ನಿ.

ಈ ಐವರ ಆಯ್ಕೆಯಲ್ಲೇ ಒಂದು ಸಾಹಸವಿದೆ. ಊದುವ ಮೂರು, ಕಮಾನಿನಿಂದ ಉಜ್ಜುವ ಎರಡು, ಐದೂ ಸ್ವರವನ್ನು ಹಿಡಿದು ಬೆಳೆಸಬಲ್ಲವು. ನಡುವೆ ಕೂತಿರುವ ಆರನೆಯದಕ್ಕೆ ಮಾತ್ರ ಅದು ಬಾರದು. ಸುಮ್ಮನೆ ಬರೆದರೆ ಐವರೂ ಸೇರಿ ಅದನ್ನು ಮುಳುಗಿಸಿಬಿಡುತ್ತಾರೆ. ಹಾಗಂತ ಅವರ ಬಾಯಿ ಮುಚ್ಚಿಸಿದರೆ ಜೊತೆಗಾರಿಕೆ ಎಲ್ಲಿ ಬಂತು? ಫಾಯಾ ಮಾಡಿದ್ದು ಬೇರೆ. ಐವರಿಗೂ ಆರನೆಯವನ ನುಡಿಗಟ್ಟು ಕಲಿಸಿದ. ಮೊದಲ ಭಾಗವನ್ನು ಕೇಳಿ. ಹದಿನಾರನೇ ಶತಮಾನದ ಸ್ಪೇನಿನ ಹುವಾನ್ ವಾಸ್ಕೆಸ್ ಎಂಬಾತನ ಹಾಡೊಂದರ ರಾಗದ ತುಂಡುಗಳು ಅಲ್ಲಿವೆ. ಆದರೆ ಅದನ್ನು ಯಾವ ವಾದ್ಯವೂ ಪೂರ್ತಿ ಹಾಡಿ ಮುಗಿಸುವುದಿಲ್ಲ. ಊದುವ ವಾದ್ಯಗಳು ಚಿಕ್ಕ ಚಿಕ್ಕ, ಕತ್ತರಿಸಿದಂಥ ಸ್ವರಗುಚ್ಛಗಳನ್ನು ಎಸೆಯುತ್ತವೆ. ಅವುಗಳ ನಡುವೆ ಉಳಿದ ಕಿಂಡಿಗಳಲ್ಲಿ ಹಾರ್ಪ್ಸಿಕಾರ್ಡ್ ಚಟಚಟ ಅಂತ ಕಾಣಿಸಿಕೊಳ್ಳುತ್ತದೆ. ಕೇಳುತ್ತಾ ಕೂತರೆ ಒಂದೇ ದೊಡ್ಡ ಮೀಟುವ ವಾದ್ಯಕ್ಕೆ ಆರು ಬಣ್ಣ ಬಂದಿದೆ ಅನ್ನಿಸತೊಡಗುತ್ತದೆ.

ಎರಡನೆಯ ಭಾಗ ನಿಧಾನದ್ದು. ಇಲ್ಲಿ ಫಾಯಾ ಇನ್ನೂ ದೊಡ್ಡ ಪಣ ಒಡ್ಡುತ್ತಾನೆ, ಸ್ವರ ನಿಲ್ಲಿಸಲಾಗದ ವಾದ್ಯಕ್ಕೆ ನಿಧಾನದ ಸಂಗೀತ ಕೊಡುತ್ತಾನೆ. ಹಾರ್ಪ್ಸಿಕಾರ್ಡ್ ಕೆಳಗಿನಿಂದ ಮೇಲಿನವರೆಗೆ ದೊಡ್ಡ ದೊಡ್ಡ ಸ್ವರಗುಚ್ಛಗಳನ್ನು ಅಲೆಯಂತೆ ಎತ್ತಿ ಬಿಡುತ್ತದೆ. ಗಂಟೆ ಬಾರಿಸಿದ ಹಾಗೆ. ಗಂಟೆಯ ಸದ್ದೂ ಸೊರಗುವಂಥದ್ದೇ, ಆದರೆ ಗಂಟೆಯನ್ನು ಯಾರೂ ಬಡಪಾಯಿ ಅನ್ನುವುದಿಲ್ಲ. ಉಳಿದ ಐವರು ಹಳೆಯ ಚರ್ಚಿನ ಹಾಡಿನ ಧಾಟಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಈ ಭಾಗದ ಕೊನೆಗೆ ಫಾಯಾ 1926ರ ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನವನ್ನು ಲ್ಯಾಟಿನ್ನಿನಲ್ಲಿ ನಮೂದಿಸಿದ್ದಾನೆ. ಸ್ಪೇನಿನಲ್ಲಿ ಅದು ಬೀದಿಯಲ್ಲಿ ಮೆರವಣಿಗೆ ಹೋಗುವ ಹಬ್ಬ. ತೇರಿನ ಬೀದಿ ಗೊತ್ತಿರುವ ನಮಗೆ ಆ ನಡಿಗೆ ಹೊಸದೇನಲ್ಲ. ಸ್ವರ ಸೊರಗುವುದನ್ನು ಮುಚ್ಚಿಡಲು ಫಾಯಾ ಯಾವ ಉಪಾಯವನ್ನೂ ಹೂಡುವುದಿಲ್ಲ. ಸೊರಗುವ ಆ ಹೊತ್ತನ್ನೇ ಜೊತೆಗಾರರು ಹೆಜ್ಜೆ ಇಡುವ ಜಾಗವನ್ನಾಗಿ ಮಾಡುತ್ತಾನೆ. ಈ ಕೃತಿಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಮೂರನೆಯದು ಕುಣಿತದ ಗತ್ತಿನದು. ಆರು ಮಾತ್ರೆಗಳನ್ನು ಒಮ್ಮೆ ಮೂರರ ಎರಡು ಗುಂಪಾಗಿ, ಒಮ್ಮೆ ಎರಡರ ಮೂರು ಗುಂಪಾಗಿ ತಿರುಗಿಸುವ ಆಟ. ನಮ್ಮ ತಬಲಾದವರು ಕೇಳಿದರೆ ನಗುತ್ತಾ ತಲೆಯಾಡಿಸಬಹುದು. ಇದರ ಹಿಂದೆ ಡೊಮೆನಿಕೊ ಸ್ಕಾರ್ಲಾತ್ತಿಯ ನೆರಳಿದೆ. 1685ರಲ್ಲಿ ನೇಪಲ್ಸಿನಲ್ಲಿ ಹುಟ್ಟಿದ ಆತ ಪೋರ್ಚುಗಲ್ಲಿಗೆ ಹೋಗಿ, ಅಲ್ಲಿನ ರಾಜಕುಮಾರಿ ಮದುವೆಯಾಗಿ ಸ್ಪೇನಿಗೆ ಹೋದಾಗ ಅವಳ ಹಿಂದೆಯೇ ಹೋಗಿ, 1757ರಲ್ಲಿ ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡ. ಹಾರ್ಪ್ಸಿಕಾರ್ಡಿಗೆ ಐನೂರಕ್ಕೂ ಮಿಕ್ಕಿ ಸೊನಾಟಾ ಬರೆದ. ಸ್ಪೇನಿನ ಗಿಟಾರಿನ ಮೀಟು, ಕುಣಿತದ ಹೆಜ್ಜೆ ಅವುಗಳಲ್ಲಿ ಕೇಳಿಸುತ್ತವೆ. ಇಟಲಿಯಿಂದ ಬಂದ ವಲಸೆಗಾರನ ಕಿವಿಗೆ ಬಿದ್ದದ್ದನ್ನು ಇನ್ನೂರು ವರ್ಷದ ಮೇಲೆ ಸ್ಪೇನಿನವನೊಬ್ಬ ತನ್ನ ಪರಂಪರೆ ಅಂತ ಕೈಗೆತ್ತಿಕೊಂಡ ನೋಡಿ! ನೆಲದ ಸಂಗೀತ ಅಂತ ನಾವು ಕರೆಯುವುದರಲ್ಲಿ ಎಷ್ಟು ಪಾಲು ಹೊರಗಿನಿಂದ ಬಂದವರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಒಂದು ತಕರಾರೂ ಇದೆ. ಹಾರ್ಪ್ಸಿಕಾರ್ಡ್ ಇಲ್ಲದಿದ್ದರೆ ಪಿಯಾನೋ ಆದರೂ ಆದೀತು ಅಂತ ಕೃತಿಯ ಹೆಸರಿನಲ್ಲೇ ಫಾಯಾ ಒಪ್ಪಿಕೊಂಡಿದ್ದಾನೆ. 1927ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೇ ಕಚೇರಿಯಲ್ಲಿ ಎರಡರಲ್ಲೂ ನುಡಿಸಿಯೂ ತೋರಿಸಿದ. ಎಲ್ಲ ಊರಲ್ಲೂ ಹಾರ್ಪ್ಸಿಕಾರ್ಡ್ ಎಲ್ಲಿಂದ ಸಿಗಬೇಕು, ಅದು ವ್ಯವಹಾರದ ಮಾತು. ಆದರೆ ಪಿಯಾನೋದಲ್ಲಿ ಕೇಳಿದರೆ ಕೃತಿಯ ಮುಖ್ಯ ಪ್ರಶ್ನೆಯೇ ಮಾಯವಾಗುತ್ತದೆ. ಜೊತೆಗಾರರು ತಮ್ಮ ದನಿಯನ್ನು ಯಾಕೆ ಹೀಗೆ ಕತ್ತರಿಸಿಕೊಂಡಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ. 1930ರಲ್ಲಿ ಫಾಯಾ ತಾನೇ ಹಾರ್ಪ್ಸಿಕಾರ್ಡಿಗೆ ಕೂತು ಪ್ಯಾರಿಸ್ಸಿನಲ್ಲಿ ಮುದ್ರಿಸಿದ ತಟ್ಟೆ ಇದೆ. ಕೊಳಲು ಮಾರ್ಸೆಲ್ ಮೊಯಿಜ್‌ನದು. ಸದ್ದು ಹಳೆಯದು, ಗೊರಗೊರ ಇದೆ. ಆದರೂ ಆರು ಜನ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸುವುದು ಅದರಲ್ಲಿ ಕೇಳುತ್ತದೆ.

*

ಎರಡನೆಯ ಉತ್ತರ ಅಮೆರಿಕದ ಎಲಿಯಟ್ ಕಾರ್ಟರನದು. ನ್ಯೂಯಾರ್ಕಿನ ಹಾರ್ಪ್ಸಿಕಾರ್ಡ್ ವಾದಕಿ ಸಿಲ್ವಿಯಾ ಮಾರ್ಲೋಳ ತಂಡಕ್ಕಾಗಿ 1952ರಲ್ಲಿ ಬರೆದ ಸೊನಾಟಾ. ಕೊಳಲು, ಓಬೋ, ಚೆಲ್ಲೋ, ಹಾರ್ಪ್ಸಿಕಾರ್ಡ್, ಹೀಗೆ ನಾಲ್ಕೇ ಜನ. ಕಾರ್ಟರನಿಗೆ ಹಿಡಿಸಿದ್ದು ಪ್ಲೆಯೆಲ್ ವಾದ್ಯದ ಪೆಡಲುಗಳಿಂದ ಹೊರಡುವ ಬಣ್ಣಗಳು. ಅವುಗಳನ್ನು ಎಣಿಸಿ ಮೂವತ್ತಾರು ಅಂತ ಲೆಕ್ಕ ಕೊಟ್ಟಿದ್ದಾನೆ. ಉಳಿದ ಮೂರು ವಾದ್ಯಗಳು ಬಹುಮಟ್ಟಿಗೆ ಹಾರ್ಪ್ಸಿಕಾರ್ಡಿಗೆ ಚೌಕಟ್ಟು ಇದ್ದಂತೆ ಅಂತಲೂ ಹೇಳಿದ್ದಾನೆ.

ಕೃತಿ ಶುರುವಾಗುವುದೇ ನೀರಿಗೆ ದೊಡ್ಡ ಕಲ್ಲು ಎತ್ತಿ ಹಾಕಿದಂತೆ. ಆಮೇಲೆ ಮೊದಲ ಭಾಗವೆಲ್ಲ ಆ ಅಲೆಗಳು ತಣ್ಣಗಾಗುತ್ತಾ ಹೋಗುವುದೇ. ಹುಟ್ಟಿದ ಕೂಡಲೇ ಸೊರಗುವುದು ಹಾರ್ಪ್ಸಿಕಾರ್ಡಿನ ಒಂದು ಸ್ವರದ ಸ್ವಭಾವ. ಕಾರ್ಟರ್ ಅದನ್ನು ಇಡೀ ಭಾಗದ ಆಕಾರವನ್ನಾಗಿ ಹಿಗ್ಗಿಸಿದ್ದಾನೆ. ಬಹಳ ಜಾಣತನದ ಯೋಚನೆ. ಎರಡನೆಯ ಭಾಗದಲ್ಲಿ ಹಾರ್ಪ್ಸಿಕಾರ್ಡ್ ಒಂದು ಕಡೆ, ಉಳಿದ ಮೂವರು ಇನ್ನೊಂದು ಕಡೆ ನಿಂತು ಮಾತಾಡಿಕೊಳ್ಳುತ್ತಾರೆ. ಮೂರನೆಯದರಲ್ಲಿ ವೆನಿಸ್ಸಿನ ದೋಣಿಯವರ ಕುಣಿತವೊಂದು ಬೇರೆ ಕುಣಿತಗಳೊಳಗೆ ಕರಗಿ ಹೋಗುತ್ತದೆ. ಸಿನಿಮಾದಲ್ಲಿ ಒಂದು ದೃಶ್ಯ ಕತ್ತರಿಸಿ ಇನ್ನೊಂದು ಬರುವ ಹಾಗೆ, ಕೆಲವೊಮ್ಮೆ ಒಂದರ ಮೇಲೊಂದು ಕೂರುವ ಹಾಗೆ.

ಇಷ್ಟೆಲ್ಲ ಮೆಚ್ಚಿಕೊಂಡರೂ ಚೌಕಟ್ಟು ಅನ್ನುವ ಆ ಮಾತು ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಚೌಕಟ್ಟಿನ ಕೆಲಸ ಚಿತ್ರವನ್ನು ಎತ್ತಿ ತೋರಿಸುವುದು. ಚಿತ್ರದೊಳಗೆ ಅದಕ್ಕೆ ಪ್ರವೇಶವಿಲ್ಲ. ಫಾಯಾನ ಐವರು ಆರನೆಯವನಿಂದ ಏನನ್ನೋ ಕಲಿತರು, ಕಲಿತು ಬದಲಾದರು. ಕಾರ್ಟರನ ಮೂವರು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ದೊಡ್ಡ ನಗರಗಳಲ್ಲಿ ನಮ್ಮಂಥವರಿಗೆ ಈ ಬಗೆಯ ಮರ್ಯಾದೆ ಆಗಾಗ ಸಿಗುತ್ತದೆ. ಸೊಸೈಟಿಯ ಗಣೇಶೋತ್ಸವದಲ್ಲಿ 'ಈಗ ನಮ್ಮ ಕನ್ನಡದ ಬಂಧುಗಳಿಂದ ಒಂದು ಹಾಡು' ಅಂತ ಹತ್ತು ನಿಮಿಷ ಕೊಡುತ್ತಾರಲ್ಲ, ಆ ಥರದ್ದು. ಕೊಟ್ಟವರ ಮನಸ್ಸು ಒಳ್ಳೆಯದೇ. ಹತ್ತು ನಿಮಿಷ ಮುಗಿದ ಮೇಲೆ ಯಾರೂ ಬದಲಾಗಿರುವುದಿಲ್ಲ, ಅಷ್ಟೇ.

ಈ ಕೃತಿಗೆ ಇನ್ನೊಂದು ತೊಡಕು ಆಮೇಲೆ ಎದುರಾಯಿತು. 1949ರಲ್ಲಿ ಫ್ರ್ಯಾಂಕ್ ಹಬರ್ಡ್ ಮತ್ತು ವಿಲಿಯಂ ಡೌಡ್ ಎಂಬಿಬ್ಬರು ಬಾಸ್ಟನ್ನಿನಲ್ಲಿ ಕಾರ್ಯಾಗಾರ ತೆರೆದು ಹಳೆಯ ವಾದ್ಯಗಳನ್ನು ಅಳೆದು ನೋಡಿ ಅದೇ ಬಗೆಯಲ್ಲಿ ಹಾರ್ಪ್ಸಿಕಾರ್ಡ್ ಮಾಡತೊಡಗಿದರು. ಹಗುರ ಮರ, ಕಬ್ಬಿಣವಿಲ್ಲ, ಪೆಡಲಿಲ್ಲ. ಮುಂದಿನ ದಶಕಗಳಲ್ಲಿ ಈ ದಾರಿಯೇ ಗೆದ್ದಿತು. ಪ್ಲೆಯೆಲ್ ಥರದ ವಾದ್ಯಗಳಿಗೆ ಬೆಲೆ ಹೋಯಿತು, ಅವು ನಕಲಿ ಅನ್ನಿಸಿಕೊಂಡವು. ಬಾಖ್, ಸ್ಕಾರ್ಲಾತ್ತಿಯ ಸಂಗೀತಕ್ಕೆ ಇದರಿಂದ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆರಕೆ ವಾದ್ಯವನ್ನು ನಂಬಿ ಬರೆದ ಫಾಯಾ, ಕಾರ್ಟರ್ ಮೊದಲಾದವರ ಕೃತಿಗಳು ಮನೆ ಕಳೆದುಕೊಂಡವು. ಪೆಡಲಿಲ್ಲದ ವಾದ್ಯದಲ್ಲಿ ಕಾರ್ಟರ್ ಕೇಳಿದ ಬಣ್ಣ ಬದಲಾವಣೆಗಳನ್ನೆಲ್ಲ ತೋರಿಸುವುದು ಕಷ್ಟ.

ಇದನ್ನು ಓದುವಾಗ ಊರಿನ ಓದುಗರಿಗೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ನಮ್ಮ ಮನೆಗಳ ಕನ್ನಡದಲ್ಲಿ ಮರಾಠಿ ಸೇರಿದೆ, ಹಿಂದಿ ಸೇರಿದೆ. ರಜೆಗೆ ಊರಿಗೆ ಬಂದ ನಮ್ಮ ಮಕ್ಕಳು ಬಾಯಿ ತೆರೆದರೆ ನೀವು ನಗುತ್ತೀರಿ, ಪ್ರೀತಿಯಿಂದಲೇ ನಗುತ್ತೀರಿ. ಶುದ್ಧ ಕನ್ನಡ ಬೇಕು, ಬೇಡ ಅಂದವರಾರು. ಆದರೆ ಕಬ್ಬಿಣದ ಚೌಕಟ್ಟಿನ ಆ ಅಶುದ್ಧ ವಾದ್ಯ ಇಲ್ಲದಿದ್ದರೆ ಫಾಯಾನ ಕಾನ್ಸರ್ಟೋ ಇಂದು ಇರುತ್ತಿರಲಿಲ್ಲ. ಬೆರಕೆ ಮಾತಿನಲ್ಲೂ ಆ ಮಾತಿನಲ್ಲಿ ಮಾತ್ರ ಹೇಳಬಹುದಾದ ಒಂದು ಸಂಗತಿ ಇದ್ದೀತು ಅನ್ನುವಷ್ಟು ತಾಳ್ಮೆ ಇಟ್ಟುಕೊಳ್ಳಿ.

*

ಮೂರನೆಯ ಉತ್ತರ ಯಾನಿಸ್ ಝೆನಾಕಿಸ್‌ನದು. ಗ್ರೀಸಿನ ಹೋರಾಟದಲ್ಲಿ ಮುಖಕ್ಕೆ ಗಾಯ ಮಾಡಿಕೊಂಡು, 1947ರಲ್ಲಿ ತಪ್ಪಿಸಿಕೊಂಡು ಪ್ಯಾರಿಸ್ಸಿಗೆ ಬಂದವನು. ಅವನ ಬೆನ್ನ ಹಿಂದೆ ಅಲ್ಲಿ ಮರಣದಂಡನೆಯ ತೀರ್ಪು ಬಂದಿತ್ತು. 1974ರವರೆಗೆ ಊರಿಗೆ ಕಾಲಿಡಲಾಗಲಿಲ್ಲ. ವಾರ್ಸಾದಿಂದ ಪ್ಯಾರಿಸ್ಸಿಗೆ ಬಂದಿದ್ದ ಎಲಿಜಬೆತ್ ಹೊಯ್ನಾಟ್ಸ್ಕಾ ಎಂಬ ವಾದಕಿಗಾಗಿ ಅವನು 1986ರಲ್ಲಿ 'ಗೊರೇ ದ್ವೀಪದಲ್ಲಿ' ಅನ್ನುವ ಅರ್ಥದ ಹೆಸರಿಟ್ಟು ಒಂದು ಕೃತಿ ಬರೆದ. ಹಾರ್ಪ್ಸಿಕಾರ್ಡ್ ಮತ್ತು ಹನ್ನೆರಡು ವಾದ್ಯಗಳು. ಗೊರೇ ಅನ್ನುವುದು ಸೆನೆಗಲ್ಲಿನ ಡಕಾರಿನ ಎದುರಿಗಿರುವ ಪುಟ್ಟ ದ್ವೀಪ, ಆಫ್ರಿಕಾದ ಜನರನ್ನು ಗುಲಾಮರಾಗಿ ಸಾಗಿಸಿದ ವ್ಯಾಪಾರದ ನೆನಪು ಹೊತ್ತ ಜಾಗ.

ಇಲ್ಲಿ ಹಾರ್ಪ್ಸಿಕಾರ್ಡಿಗೆ ಮೈಕು ಹಿಡಿದು ಧ್ವನಿವರ್ಧಕದಿಂದ ದನಿ ಹೆಚ್ಚಿಸುತ್ತಾರೆ. ಹನ್ನೆರಡು ವಾದ್ಯಗಳ ಎದುರಿಗೆ ಅದೂ ಎದೆಯುಬ್ಬಿಸಿ ನಿಲ್ಲುತ್ತದೆ. ಗರಿ ತಂತಿಗೆ ತಾಗುವ ಸದ್ದು ಹತ್ತಿರದಿಂದ ಕೇಳುತ್ತದೆ, ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ. ಮೆಲುದನಿ ಅನ್ನುವ ಮಾತೇ ಇಲ್ಲಿ ಅನ್ವಯಿಸುವುದಿಲ್ಲ. ಮನುಷ್ಯರನ್ನು ಸರಪಳಿ ಹಾಕಿ ಸಾಗಿಸಿದ ಕತೆಗೆ ನಯವಾದ ಜೊತೆಗಾರಿಕೆ ಹೊಂದುವುದೂ ಇಲ್ಲ. ಕೂಗಲೇಬೇಕಾದ ಹೊತ್ತುಗಳಿವೆ ಅಂತ ಝೆನಾಕಿಸ್‌ಗೆ ಗೊತ್ತಿತ್ತು. ಆ ಕೃತಿಯಲ್ಲಿ ಧ್ವನಿವರ್ಧಕ ನ್ಯಾಯವಾಗಿಯೇ ಬಂದಿದೆ.

ತೊಂದರೆ ಶುರುವಾಗುವುದು ಅದು ಅಭ್ಯಾಸವಾದಾಗ. ಮೈಕು ಇದ್ದರೆ ರಚನಕಾರನಿಗೆ ನಿರಾಳ, ಯಾರನ್ನೂ ಯಾರಿಗೂ ಹೊಂದಿಸಬೇಕಾಗಿಲ್ಲ. ಎಲ್ಲರೂ ತಮ್ಮ ತಮ್ಮ ಗಂಟಲಿನಲ್ಲಿ ಕೂಗಿದರಾಯಿತು, ಉಳಿದದ್ದನ್ನು ಗುಂಡಿ ತಿರುಗಿಸುವವನು ನೋಡಿಕೊಳ್ಳುತ್ತಾನೆ. ನಮ್ಮ ಸಂಘಗಳ ವಾರ್ಷಿಕೋತ್ಸವಕ್ಕೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರೈವತ್ತು ಜನರ ಸಭೆಗೆ ಮದುವೆ ಮೆರವಣಿಗೆಗೆ ಸಾಲುವಷ್ಟು ಸ್ಪೀಕರುಗಳು. ಕನ್ನಡ ಕೇಳಿಸುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಜೋರಾಗದೆ, ಯಾರ ಹಂಗೂ ಇಲ್ಲದೆ ಈ ಮಿತಿಯನ್ನು ದಾಟಿದ್ದೂ ಇದೆ. 1956ರಲ್ಲಿ ಹಂಗೆರಿಯಿಂದ ಓಡಿಬಂದ ಜಾರ್ಜ್ ಲಿಗೆಟಿ 1968ರಲ್ಲಿ 'ಕಂಟಿನ್ಯುಮ್' ಎಂಬ ನಾಲ್ಕು ನಿಮಿಷದೊಳಗಿನ ಕೃತಿ ಬರೆದ. ಸ್ವರ ನಿಲ್ಲುವುದಿಲ್ಲ ತಾನೇ, ಸರಿ, ಬಿಡಿ ಬಿಡಿ ಸ್ವರ ಕಿವಿಗೆ ತಿಳಿಯದಷ್ಟು ವೇಗವಾಗಿ ಮೀಟಿದರೆ? ಸೈಕಲ್ಲಿನ ಕಡ್ಡಿಗಳು ತಿರುಗುವಾಗ ಒಂದೇ ಹಾಳೆಯಂತೆ ಕಾಣುವ ಹಾಗೆ ಸ್ವರಗಳು ಕೂಡಿಕೊಂಡು ಒಂದೇ ಗುಂಯ್‌ಗುಡುವ ನಾದವಾಗುತ್ತವೆ. ಅದ್ಭುತವಾದದ್ದು. ಆದರೆ ಅದು ಒಂಟಿ ವಾದ್ಯದ ಕೃತಿ. ಒಬ್ಬನೇ ಇದ್ದಾಗ ತನ್ನ ದೌರ್ಬಲ್ಯವನ್ನು ಗೆಲ್ಲುವುದು ಒಂದು ವಿದ್ಯೆ, ನಾಲ್ಕು ಜನರ ನಡುವೆ ಅದನ್ನಿಟ್ಟುಕೊಂಡೇ ಬಾಳುವುದು ಇನ್ನೊಂದು.

*

ಇಲ್ಲಿ ಹೆಸರಿಸಿದವರಲ್ಲಿ ಎಷ್ಟು ಜನ ಊರು ಬಿಟ್ಟವರು ಅನ್ನುವುದನ್ನು ನೀವು ಗಮನಿಸಿರಬಹುದು. 1940ರಲ್ಲಿ ಲಾಂಡೋವ್‌ಸ್ಕಾ ಪ್ಯಾರಿಸ್ಸಿನಲ್ಲಿ ಸ್ಕಾರ್ಲಾತ್ತಿಯ ಸೊನಾಟಾಗಳನ್ನು ಮುದ್ರಿಸುತ್ತಿದ್ದಾಗ ಹೊರಗೆ ವಿಮಾನಗಳ ಮೇಲೆ ಗುಂಡು ಹಾರಿಸುತ್ತಿದ್ದರು, ಆ ಸದ್ದು ಒಂದು ತಟ್ಟೆಯಲ್ಲಿ ಹಾಗೇ ಉಳಿದಿದೆ. ಯೆಹೂದಿ ಮೂಲದವಳಾದ ಆಕೆ ಅದೇ ವರ್ಷ ಮನೆ ಬಿಟ್ಟು ಓಡಬೇಕಾಯಿತು. ವಾದ್ಯಗಳು, ಪುಸ್ತಕಗಳು ನಾಜಿಗಳ ಪಾಲಾದವು. 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ದಾಳಿಯ ದಿನವೇ, ನ್ಯೂಯಾರ್ಕಿಗೆ ಬಂದಿಳಿದಳು. 1959ರಲ್ಲಿ ಅಮೆರಿಕದಲ್ಲೇ ತೀರಿಕೊಂಡಳು. ಫಾಯಾ 1939ರಲ್ಲಿ ಅರ್ಜೆಂಟೀನಾಕ್ಕೆ ಹೋದವನು ಸ್ಪೇನಿಗೆ ಮರಳಲಿಲ್ಲ, 1946ರಲ್ಲಿ ಅಲ್ಲೇ ಸತ್ತ. ಹಾಗಂತ 1926ರ ಕಾನ್ಸರ್ಟೋದಲ್ಲಿ ದೇಶಭ್ರಷ್ಟನ ಅಳಲು ಕೇಳುತ್ತದೆ ಅಂತ ಬರೆಯುವುದು ಸುಳ್ಳು. ಬರೆಯುವಾಗ ಅವನು ಗ್ರಾನಾಡಾದ ತನ್ನ ಮನೆಯಲ್ಲಿದ್ದ. ನಮಗೆ ಕೇಳುವ ಅಳಲು ನಮ್ಮದು, ಕೃತಿಯದಲ್ಲ. ವಿಮರ್ಶೆ ಬರೆಯುವಾಗ ಈ ಲೆಕ್ಕ ಚೊಕ್ಕವಾಗಿರಬೇಕು.

ಇದೆಲ್ಲ ದೂರದ ದೇಶದ ಮಾತು, ನಮಗ್ಯಾಕೆ ಅನ್ನುವವರಿಗೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ರಷ್ಯ ಬಿಟ್ಟು ಲಂಡನ್ನಿನಲ್ಲಿ ಕಡೆಗಾಲ ಕಳೆಯುತ್ತಿದ್ದ ನಿಕೊಲಾಯ್ ಮೆಡ್ಟ್ನರ್ ಎಂಬ ರಚನಕಾರನ ಕೃತಿಗಳು ಧ್ವನಿಮುದ್ರಿಕೆಯಾಗಿ ಉಳಿಯಲಿ ಅಂತ 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಮೆಡ್ಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ. ಊರು ಕಳೆದುಕೊಂಡವನ ಕ್ಷೀಣ ದನಿಗೆ ಮೈಸೂರು ಒಂದು ಕೋಣೆ ಮಾಡಿಕೊಟ್ಟಿತ್ತು.

ಇವತ್ತು ಇಂಥ ಮಿಶ್ರಮೇಳಕ್ಕೆ ಬರೆಯಹೊರಟ ಯುವಕರಿಗೆ ಫಾಯಾನಿಂದ ಕಲಿಯಲು ಗಟ್ಟಿ ಪಾಠಗಳಿವೆ. ಹಾರ್ಪ್ಸಿಕಾರ್ಡ್ ನುಡಿಸುವ ಸಪ್ತಕದಲ್ಲೇ ಊದುವ ವಾದ್ಯಗಳನ್ನು ಉದ್ದಕ್ಕೆ ಎಳೆಯಬೇಡಿ. ಅದರ ಸ್ವರದ ಹುಟ್ಟನ್ನು ಕೇಳಲು ಬಿಡಿ, ಆ ಕ್ಷಣದಲ್ಲಿ ಉಳಿದವರು ತಡೆದುಕೊಳ್ಳಲಿ. ಹಳೆಯ ಮಾದರಿಯ ವಾದ್ಯವಾದರೆ ಶ್ರುತಿ ಅರ್ಧ ಸ್ವರ ಕೆಳಗಿರಬಹುದು, ಮೊದಲೇ ವಿಚಾರಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಬರೆಯುವ ಮುಂಚೆ ಕೋಣೆಯ ಅಳತೆ ಕೇಳಿ. ಮುಂಬಯಿಯಲ್ಲಿ ನರಿಮನ್ ಪಾಯಿಂಟಿನ ಎನ್‌ಸಿಪಿಎ ಇದೆ, ಅಲ್ಲಿ ದೊಡ್ಡ ರಂಗಮಂದಿರವೂ ಇದೆ, ಚಿಕ್ಕವೂ ಇವೆ. ಇಂಥ ಸಂಗೀತ ಚಿಕ್ಕದರಲ್ಲೇ ಬದುಕುತ್ತದೆ.

ಮೂರು ಉತ್ತರಗಳಲ್ಲಿ ನನ್ನ ಓಟು ಯಾವುದಕ್ಕೆ ಅನ್ನುವುದು ಈಗಾಗಲೇ ಗೊತ್ತಾಗಿರಬೇಕು. ಪಕ್ಕಕ್ಕೆ ಸರಿದು ಜಾಗ ಕೊಡುವುದು ಸೌಜನ್ಯ, ಧ್ವನಿವರ್ಧಕ ಹಿಡಿಯುವುದು ಕೆಲವೊಮ್ಮೆ ಅನಿವಾರ್ಯ. ಫಾಯಾ ಕೇಳಿದ್ದು ಇವೆರಡಕ್ಕಿಂತ ಕಷ್ಟದ್ದು. ಐದು ಜನ ಗಟ್ಟಿ ದನಿಯವರು ಒಬ್ಬ ಮೆಲುದನಿಯವನ ವ್ಯಾಕರಣ ಕಲಿಯಬೇಕು, ಅವನೂ ತನ್ನ ಹಳೆಯ ಅಲಂಕಾರಗಳನ್ನು ಮಡಿಸಿಟ್ಟು ಗಂಟೆಯಂತೆ ನುಡಿಯಲು ಕಲಿಯಬೇಕು. ಎರಡೂ ಕಡೆಯವರು ಶ್ರಮಪಡಬೇಕಾದ ಒಪ್ಪಂದ ಇದು. ಹಾಗೆ ಆರು ಜನ ಸೇರಿ ಮಾಡಬಹುದಾದದ್ದು ಹದಿನೈದು ನಿಮಿಷದ ಸಂಗೀತ. ಅದಕ್ಕೆ ಮೂರು ವರ್ಷ ಬೇಕಾಯಿತು ಅನ್ನುವುದನ್ನು ಮರೆಯದಿರೋಣ. ಮೂವತ್ತು ವರ್ಷ ಒಂದೇ ಮಹಡಿಯಲ್ಲಿ ಬಾಳಿದ ನೆರೆಮನೆಯವರಿಗೆ ಕನ್ನಡದ ನಾಲ್ಕು ಮಾತು ಕಲಿಸಲು ನಮಗೆ ಆಗಿಲ್ಲವಾದರೆ, ಅವರಿಂದ ನಾವು ಕಲಿತದ್ದೆಷ್ಟು ಅಂತಲೂ ಒಮ್ಮೆ ಎಣಿಸಿ ನೋಡಬಹುದು.